ಕೊಟ್ಟಿಗೆ ಗೋಡೆಯ ಬಾಚಣಿಗೆಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮಕ್ಕನಿಗೆ ದೂರದ್ದೇನೂ ಸರಿಯಾಗಿ ಕಾಣುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಖಾತ್ರಿಯಾಗಿದ್ದು ನನಗೆ. ಆದರೂ 'ಕಾಣ್ತದೆ, ಬೊಂಬಾಟಾಗಿ ಕಾಣ್ತದೆ' ಎಂದು ಭಾನುವಾರ ಭಾನುವಾರವೂ ಗಂಟಲು ಹರಿದುಕೊಂಡು ಸಾರಿದವನೂ ನಾನೇ. ಅದಕ್ಕೆ ಕಾರಣ ಕೇಳಿದರೆ ನಗಬೇಡಿ. ಸೊಪ್ಪು. ಹೊನಗೊನೆ ಸೊಪ್ಪು.

'ಆ ಕಾಲದಲ್ಲಿ' ಎಂದು ಶುರು ಮಾಡುವುದಕ್ಕೆ ತಲೆಯಲ್ಲಿ ನಾಲ್ಕು ಬಿಳಿ ಕೂದಲಾದರೂ ಇರಬೇಕಂತೆ. ನನಗೆ ಗಡ್ಡವೇ ಇನ್ನೂ ಅಲ್ಲೊಂದು ಇಲ್ಲೊಂದು, ಯಾರೋ ಬೇಜಾರಿನಲ್ಲಿ ಎರಚಿಹೋದ ಹುರುಳಿ ಹೊಲದ ಹಾಗೆ. ಇದ್ದರೇನಂತೆ, ನನಗೂ ಒಂದು ಆ ಕಾಲ ಇತ್ತು. ಸಿಂಧಘಟ್ಟದ ನಮ್ಮ ಮನೆಗೆಲ್ಲ ಸೇರಿ ಒಂದೇ ಒಂದು ಟಚ್ ಮೊಬೈಲು, ಅದೂ ಅಪ್ಪನ ಅಂಗಿ ಜೇಬಿನಲ್ಲಿ, ಹಾಲಿನ ಕವರಿನೊಳಗೆ ಸುತ್ತಿಕೊಂಡು ಇರುತ್ತಿದ್ದ ಕಾಲ. ಯಾರಾದರೂ ಒಂದು ಫೋಟೋ ಕಳಿಸಿದರೆ ನಾಲ್ಕು ಜನರೂ ತಲೆಗೆ ತಲೆ ಕೊಟ್ಟು ನೋಡಬೇಕು. ನಾಲ್ಕು ಜನ ಅಂದರೆ ಅಪ್ಪ, ದೊಡ್ಡವ್ವ, ಸೌಮ್ಯಕ್ಕ ಮತ್ತು ಆರನೇ ಕ್ಲಾಸಿನ ನಾನು. ಅವ್ವ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಅಪ್ಪನ ಅತ್ತಿಗೆ, ನಮ್ಮ ದೊಡ್ಡವ್ವ. ಮನೆಯಲ್ಲಿ ಅವಳ ಮಾತೇ ಮಾತು. ಅಪ್ಪನ ಮಾತು ಹಸುಗಳ ಹತ್ತಿರ ಮಾತ್ರ ನಡೆಯುತ್ತಿತ್ತು.

ನನ್ನ ಕಸುಬು ಆಗಲೂ ಈಗಲೂ ಒಂದೇ, ಕಂಡವರ ದನಿ ಕದಿಯುವುದು. ಕೆ.ಆರ್.ಪೇಟೆ ಬಸ್ಸಿನ ಕಂಡಕ್ಟರು, ಡೈರಿಯಲ್ಲಿ ಹಾಲು ಅಳೆಯುವವನು, ಮೈಕು ಸಿಕ್ಕಿದರೆ ಬಿಡದ ಊರ ಮುಖಂಡ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ದೊಡ್ಡವ್ವನದಂತೂ ಅಸಲಿಯೇ. ಬಾಗಿಲ ಹಿಂದೆ ನಿಂತು "ಶಿವಣ್ಣಾ, ಎಮ್ಮೆ ಬಿಚ್ಕೊಂಡ್ವು!" ಅಂದರೆ ಅಪ್ಪ ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದ. ಓಡಿ, ವಾಪಸ್ಸು ಬಂದು, ಎಡಗೈಯಲ್ಲಿ ನನಗೆರಡು ಬಿಟ್ಟು ಮತ್ತೆ ಉಣ್ಣುತ್ತಿದ್ದ. "ಇಷ್ಟು ಜನರ ದನಿ ಬತ್ತದಲ್ಲ, ನಿಂದು ಯಾವುದ್ಲಾ?" ಎಂದು ನಮ್ಮ ಮೇಷ್ಟರು ಒಮ್ಮೆ ಕೇಳಿದ್ದರು. ನಾನು ಬಾಯಿ ತೆರೆದೆ. ಬಂದದ್ದು ಅವರದೇ ದನಿ. ಅದಕ್ಕೂ ಎರಡು ಬಿದ್ದವು.

ಅಕ್ಕ ಡಿಗ್ರಿಯ ಕೊನೇ ವರ್ಷದಲ್ಲಿದ್ದಳು, ದಿನಾ ಕೆ.ಆರ್.ಪೇಟೆಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಒಂದು ಸಂಜೆ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ, ಉಪ್ಪು ಕೇಳುವಷ್ಟೇ ಸಲೀಸಾಗಿ ಹೇಳಿದಳು: "ಅಪ್ಪ, ನಂಗೆ ಬೋರ್ಡು ಕಾಣ್ತಿಲ್ಲ. ಕನ್ನಡಕ ಹಾಕುಸ್ಬೇಕು."

ದೊಡ್ಡವ್ವನ ಕೈ ಸಾರಿನ ಪಾತ್ರೆಯಲ್ಲೇ ನಿಂತಿತು. ಯಾರೋ ಚಪ್ಪಲಿ ಹಾಕಿಕೊಂಡು ದೇವರ ಕೋಣೆಗೆ ನುಗ್ಗಿದಂತೆ ಅಕ್ಕನನ್ನು ನೋಡಿದಳು.

"ಕನ್ನಡಕವಾ? ನಾಗಮಂಗಲದ ಕಡೆಯಿಂದ ಸಂಬಂಧ ಕೇಳ್ಕೊಂಡು ಬತ್ತಾವ್ರೆ, ಈಗ ಮೂಗಿನ್ ಮ್ಯಾಲೆ ಗಾಜು ಏರುಸ್ಕೊಂಡು ಕುಂತ್ಕತೀಯಾ? ಉಡ್ಗೀಗೆ ಕಣ್ಣು ಐಬು ಅಂತ ಎದ್ದೋಯ್ತಾರೆ. ಮದ್ವೆ ಒಂದಾಗ್ಲಿ, ಆಮ್ಯಾಕೆ ಒಂದಲ್ಲ ನಾಕು ಹಾಕ್ಕೋ."

"ಪರೀಕ್ಷೆ ಮದ್ವೆಗಿಂತ ಮುಂಚೆ ಬತ್ತದೆ ದೊಡ್ಡವ್ವ."

"ಪಕ್ಕದೋಳ್ದು ನೋಡ್ಕೊಂಡು ಬರಿಯಮ್ಮಿ. ನಿಮ್ಮಪ್ಪ ಅಂಗೇ ಪಾಸಾಗಿದ್ದು."

ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಕಣ್ಣು ಕೊರಳಿಗೆ ತಾಳಿ ಬಿದ್ದ ಮಾರನೇ ವಾರವೇ ಕೆಡುತ್ತವೆ. ಹಸೆಮಣೆಯ ಮೇಲೆ ಬರಿಗಣ್ಣಿನಲ್ಲಿ ಮುಗುಳ್ನಗುತ್ತಿದ್ದವಳು ಮೊದಲ ಸಲ ತವರಿಗೆ ಬರುವಾಗ ಕನ್ನಡಕ ಹಾಕಿಕೊಂಡೇ ಬಸ್ಸಿಳಿಯುತ್ತಾಳೆ. ಗಂಡನ ಮನೆಯ ನೀರು ಒಗ್ಗಲಿಲ್ಲವೇನೋ ಎಂದು ಊರು ಗಂಭೀರವಾಗಿ ತಲೆಯಾಡಿಸುತ್ತದೆ. ಅದು ನೀರಿನ ತಪ್ಪಲ್ಲ ಎಂದು ಎಲ್ಲರಿಗೂ ಗೊತ್ತು. ಯಾರೂ ಹೇಳುವುದಿಲ್ಲ, ಅಷ್ಟೇ.

ಅಪ್ಪ ಇಬ್ಬರ ಮುಖವನ್ನೂ ನೋಡಿ, ಯಾವ ಕಡೆಗೂ ಬೀಳದ ಜಾಗ ಹುಡುಕಿಕೊಂಡ. "ಡಾಕ್ಟ್ರತ್ರ ಯಾಕೆ ಓಡದು, ಮೊದ್ಲು ಮನೇಲೇ ಪರೀಕ್ಷೆ ಮಾಡಾಣ."

ಅಕ್ಕ ಅದಕ್ಕೂ ಸಿದ್ಧಳಿದ್ದಳು. ಗೆಳತಿಯೊಬ್ಬಳಿಂದ ಅಪ್ಪನ ಮೊಬೈಲಿಗೆ ಕಣ್ಣು ಪರೀಕ್ಷೆಯ ಚಾರ್ಟು ತರಿಸಿ, ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿದಳು. ಅದರಲ್ಲಿ ಬೇರೆ ಬೇರೆ ಅಕ್ಷರಗಳಿರಲಿಲ್ಲ. ಮೂರು ಹಲ್ಲಿನ ಒಂದೇ ಆಕಾರ, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಕೊಂಡು ಸಾಲಾಗಿ ಕೂತಿತ್ತು. ಮೇಲಿನ ಸಾಲಿನಲ್ಲಿ ಅಂಗೈಯಗಲ, ಕೆಳಗಿಳಿದಂತೆ ಸಣ್ಣದಾಗುತ್ತಾ ಕೊನೆಗೆ ಇರುವೆ ಸಾಲು.

"ಇದೇನಮ್ಮಿ, ಅಲ್ಲು ಮುರುದೋದ ಬಾಚಣ್ಗೆ!" ಎಂದಳು ದೊಡ್ಡವ್ವ. ಅಲ್ಲಿಂದ ಅದು ಬಾಚಣಿಗೆ ಚಾರ್ಟೇ ಆಯಿತು. ದೂರ ನಿಂತು, ಒಂದು ಕಣ್ಣು ಮುಚ್ಚಿಕೊಂಡು, ಬಾಚಣಿಗೆಯ ಹಲ್ಲು ಯಾವ ಕಡೆಗಿದೆ ಎಂದು ಹೇಳಬೇಕು. ಅಷ್ಟೇ ಪರೀಕ್ಷೆ.

ನಮ್ಮದು ಹಳೇ ಮನೆ. ಪಡಸಾಲೆಯ ಆ ತುದಿಗೇ ಕೊಟ್ಟಿಗೆ, ಅದರ ಸೂರಿನಲ್ಲಿ ಒಂದು ಗಾಜಿನ ಹೆಂಚು. ಬೆಳಕೂ ದೂರವೂ ಒಟ್ಟಿಗೆ ಸಿಗುವ ಜಾಗ ಮನೆಯಲ್ಲಿ ಅದೊಂದೇ. ಹಾಗಾಗಿ ಚಾರ್ಟು ಹಸುವಿನ ಮೇವಿನ ಗೋದಲಿಯ ಮೇಲಿನ ಗೋಡೆಗೆ, ಹಸುವಿನ ನಾಲಿಗೆ ಎಟುಕದ ಎತ್ತರದಲ್ಲಿ ಅಂಟಿತು. ಪಡಸಾಲೆಯ ಈ ತುದಿಯ ಕಂಬಕ್ಕೆ ಒರಗಿ ಅಕ್ಕ ನಿಲ್ಲುವುದು. ಅವಳ ಪಕ್ಕದಲ್ಲಿ ದೊಡ್ಡವ್ವ ನಿಂತು, ಅಂಗೈಯಿಂದ ಅವಳ ಒಂದೊಂದೇ ಕಣ್ಣು ಮುಚ್ಚುವುದು. ನಾನು ಚಾರ್ಟಿನ ಪಕ್ಕ ಕೋಲು ಹಿಡಿದು ಬಾಚಣಿಗೆ ತೋರಿಸಿ, ಉತ್ತರ ಸರಿಯೋ ತಪ್ಪೋ ಕೂಗಿ ಹೇಳುವುದು. ಇಂಥ ಅಧಿಕಾರ ನನಗೆ ಅದೇ ಮೊದಲು. ಕಂಡಕ್ಟರ ದನಿ ತಾನಾಗಿಯೇ ಏರಿ ಬಂತು. "ಮೇಲಿನ್ ಸಾಲು ಯಾರ್ರೀ, ಮೇಲಿನ್ ಸಾಲು! ಬೇಗ ಯೋಳಿ, ಒಳೀಕ್ ಓಗಿ, ಬಾಗ್ಲಲ್ಲಿ ನಿಂತ್ಕಬೇಡಿ!"

ಮೊದಲ ಭಾನುವಾರ ನಾನು ಸತ್ಯವಂತನೇ ಆಗಿದ್ದೆ. ಅಕ್ಕ ಎರಡು ಸಾಲು ಹೇಳಿದಳು. ಮೂರನೆಯದಕ್ಕೆ ನಿಂತಳು. ಕಣ್ಣು ಕಿರಿದು ಮಾಡಿದಳು, ಕತ್ತು ಮುಂದೆ ಚಾಚಿದಳು, ಕೊನೆಗೆ "ಕಾಣ್ತಿಲ್ಲ" ಎಂದಳು.

"ಅಲ್ಲಿ ಕತ್ಲೆ ಕಣ್ಲಾ," ಎಂದಳು ದೊಡ್ಡವ್ವ. ಮಟ ಮಟ ಮಧ್ಯಾಹ್ನ, ಗಾಜಿನ ಹೆಂಚಿನಿಂದ ಬಿಸಿಲು ಹಸುವಿನ ಬೆನ್ನ ಮೇಲೆ ಹಾಸಿಗೆ ಹಾಸಿತ್ತು. ಅದನ್ನು ತೋರಿಸಿದೆ. ದೊಡ್ಡವ್ವ ಅಪ್ಪನ ಕಡೆ ತಿರುಗಿದಳು. "ಅಂಗಾದ್ರೆ ಒಂದ್ ತಿಂಗ್ಳು ಟೇಮ್ ಕೊಡು ಶಿವಣ್ಣ. ದಿನಾ ಒನಗೊನೆ ಸೊಪ್ಪು ತಿನ್ನುಸಿ ನಾನೇ ಸರಿ ಮಾಡ್ತೀನಿ. ಆಗ್ಲೂ ಕಾಣ್ದಿದ್ರೆ ಎಲ್ಲಿಗಾರ ಕರ್ಕೊಂಡೋಗು."

ಅಪ್ಪ ಒಪ್ಪಿದ. ಅಕ್ಕನೂ ಒಪ್ಪಿದಳು. ಸೊಪ್ಪು ತಿಂದು ಕಣ್ಣು ಸರಿಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತಿಂಗಳು ಕಳೆದರೆ ಕನ್ನಡಕ ಗ್ಯಾರಂಟಿ ಎಂಬ ಧೈರ್ಯ. ಕೋಲು ಹಿಡಿದವನು ನಾನು ಎಂಬುದನ್ನು ಮಾತ್ರ ಪಾಪ ಅವಳು ಲೆಕ್ಕಕ್ಕಿಟ್ಟಿರಲಿಲ್ಲ.

ಆ ತಿಂಗಳನ್ನು ನನ್ನ ಮೂಗು ಇನ್ನೂ ಮರೆತಿಲ್ಲ. ಬೆಳಗಾಗೆದ್ದರೆ ಗದ್ದೆ ಬದುವಿನಿಂದ ದೊಡ್ಡವ್ವ ಮಡಿಲು ತುಂಬ ಕಿತ್ತು ತಂದ ಹೊನಗೊನೆ ಸೊಪ್ಪಿನ ಹಸಿ ವಾಸನೆ, ಜೊತೆಗೆ ಬೇರಿನ ಕೆಸರಿನ ವಾಸನೆ. ಬೆಳಗ್ಗೆ ಸೊಪ್ಪು ಹಾಕಿದ ಅಕ್ಕಿರೊಟ್ಟಿ, ಮಧ್ಯಾಹ್ನ ಮಸ್ಸೊಪ್ಪು, ರಾತ್ರಿ ಪಲ್ಯ. ಮೂರು ದಿನ ರುಚಿ ಅನ್ನಿಸಿತು, ಆಮೇಲೆ ಮೇಯುವುದಕ್ಕೂ ಉಣ್ಣುವುದಕ್ಕೂ ವ್ಯತ್ಯಾಸ ಉಳಿಯಲಿಲ್ಲ. ಭಾನುವಾರ ನೆತ್ತಿಗೆ ಹರಳೆಣ್ಣೆ, ಕಿವಿಯವರೆಗೂ ಜಿನುಗುವಷ್ಟು. ಅಕ್ಕನ ಮುಚ್ಚಿದ ಕಣ್ಣಿನ ಮೇಲೆ ತಣ್ಣಗಿನ ನಂದಿಬಟ್ಟಲು ಹೂ. ಅವಳು ಚಾಪೆಯ ಮೇಲೆ ಹೂ ಹೊತ್ತು ಅಂಗಾತ ಮಲಗಿದ್ದರೆ ನಾನು ಸುತ್ತಲೂ ಕುಣಿದು ಪೂಜಾರಿಯ ದನಿಯಲ್ಲಿ ಮಂತ್ರ ಒದರುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಅವಳು ಬೀಸುವ ಕೈ ಒಮ್ಮೆಯೂ ಗುರಿ ತಪ್ಪಲಿಲ್ಲ. ಇವಳಿಗೆ ಕನ್ನಡಕ ಯಾಕೆ ಅಂತ ನನಗೇ ಅನುಮಾನ ಬಂದಿತ್ತು.

ಔಷಧ ಅಕ್ಕನೊಬ್ಬಳಿಗೇ ಆಗಿದ್ದರೆ ನಾನು ಧರ್ಮರಾಯನಾಗಿಯೇ ಇರುತ್ತಿದ್ದೆ. ಆದರೆ ಒಂದೇ ಮನೆಗೆ ಎರಡು ಸಾರು ಕಾಯಿಸುವ ಪದ್ಧತಿ ದೊಡ್ಡವ್ವನಿಗಿರಲಿಲ್ಲ. ಅದಕ್ಕೇ ಎರಡನೇ ಭಾನುವಾರ ನನ್ನ ತಲೆ ಓಡಿತು. ಕಣ್ಣು ಸರಿಯಾದರೆ ಔಷಧ ನಿಲ್ಲಬೇಕು ತಾನೇ? ಜ್ವರ ಬಿಟ್ಟ ಮೇಲೆ ಯಾರಾದರೂ ಮಾತ್ರೆ ನುಂಗುತ್ತಾರಾ?

ಮೂರನೇ ಸಾಲಿಗೆ ಕೋಲಿಟ್ಟೆ. "ಕಾಣ್ತಿಲ್ಲ," ಎಂದಳು ಅಕ್ಕ.

"ಏನಾರ ಒಂದು ಅನ್ನಮ್ಮಿ, ಬಾಯಿ ಬುಡದಿದ್ರೆ ಎಂಗೆ ಗೊತ್ತಾಯ್ತದೆ?" ದೊಡ್ಡವ್ವ ತಿವಿದಳು.

"ಎಡಕ್ಕೆ," ಎಂದಳು ಅಕ್ಕ, ಬಾಯಿಗೆ ಬಂದಂತೆ.

ಬಾಚಣಿಗೆಯ ಹಲ್ಲು ಕೆಳಕ್ಕಿತ್ತು. "ಸರೀ!" ಎಂದು ಕೂಗಿದೆ.

ಹಸು ಕೂಡ ತಲೆಯೆತ್ತಿ ನೋಡಿತು. ಆ ದೂರದಿಂದ ದೊಡ್ಡವ್ವನಿಗೆ ಬಾಚಣಿಗೆಯಿರಲಿ, ಗೋಡೆಯ ಮೇಲಿದ್ದದ್ದು ಕಾಗದವೋ ಕಿಟಕಿಯೋ ಎಂಬುದೂ ಗೊತ್ತಾಗುತ್ತಿರಲಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಮೂರನೇ ಸಾಲು ಪಾಸು, ನಾಲ್ಕನೆಯದೂ ಪಾಸು. ಡಾಕ್ಟರ ದನಿ ತೆಗೆದು ತೀರ್ಪು ಕೊಟ್ಟೆ: "ಭಾಳಾ ಸುಧಾರಿಸಿದೆ. ಇನ್ನು ಪಥ್ಯ ಬೇಕಾಗಿಲ್ಲ."

ರಾತ್ರಿ ತಟ್ಟೆಗೆ ಬಿದ್ದದ್ದು ಎರಡರಷ್ಟು ಸೊಪ್ಪು.

"ಕಣ್ಣು ಸರಿ ಓಯ್ತಲ್ಲ ದೊಡ್ಡವ್ವ, ಇನ್ನೂ ಯಾಕೆ?" ನನಗೆ ಅಳುವೇ ಬಂತು.

"ಅಸ ಆಲು ಜಾಸ್ತಿ ಕೊಡ್ತು ಅಂತ ಮೇವು ನಿಲ್ಲುಸ್ತಾರೇನ್ಲಾ? ಇನ್ನೊಂದು ಕಂತೆ ಆಕ್ತಾರೆ. ಉಣ್ಣು!"

ಸೊಪ್ಪು ನಿಲ್ಲಲಿ ಎಂದು ಸುಳ್ಳು ಹೇಳಿದೆ. ಸುಳ್ಳು ಹೇಳಿದ್ದಕ್ಕೆ ಸೊಪ್ಪು ಹೆಚ್ಚಾಯಿತು. ಬುದ್ಧಿಯಿದ್ದವನು ಅಲ್ಲಿಗೆ ಬಿಡುತ್ತಿದ್ದ. ನಾನು ಮೂರನೇ ಭಾನುವಾರ ಐದನೇ ಸಾಲನ್ನೂ ಪಾಸು ಮಾಡಿಸಿದೆ. ದೊಡ್ಡವ್ವ ಡೈರಿಯ ಹತ್ತಿರ ಹೋಗಿ ಸಾರಿಕೊಂಡು ಬಂದಳು. ನಾಗಮಂಗಲದವರಿಗೆ 'ಮುಂದಿನ ತಿಂಗಳು ಬನ್ನಿ' ಎಂದು ಹೇಳಿಕಳಿಸಿದಳು. ಅಪ್ಪ ನಿರಾಳವಾಗಿ ಎಲೆ ಅಡಿಕೆ ಹಾಕಿಕೊಂಡ.

ಮಾರನೇ ದಿನ ಅಕ್ಕ ಕಾಲೇಜಿನಿಂದ ಬಂದವಳೇ ನನ್ನನ್ನು ಕೊಟ್ಟಿಗೆಗೆ ಕರೆದು, "ಇನ್ನೊಂದು ಸಲ ಮಾಡ್ಲಾ" ಎಂದಳು. ಕಂಬದ ಹತ್ತಿರ ನಿಂತು, ನಾನು ಕೋಲಿಟ್ಟ ಕಡೆಗೆಲ್ಲ "ಮೇಲೆ" ಎಂದಳು. ನಾನು "ಸರಿ". "ಮೇಲೆ." "ಸರಿ". "ಮೇಲೆ." "ಸರಿ!" ನಾನು ಕೋಲು ಕೆಳಗಿಡುವಷ್ಟರಲ್ಲಿ ಅವಳು ನಡೆದು ಬಂದು ಚಾರ್ಟಿಗೆ ಮೂಗು ತಾಗಿಸಿ ಆ ಸಾಲನ್ನು ನೋಡಿದಳು. ಒಂದು ಬಾಚಣಿಗೆಯೂ ಮೇಲೆ ನೋಡುತ್ತಿರಲಿಲ್ಲ.

ಕಿವಿ ಹಿಡಿದು ಹುಲ್ಲಿನ ಮೆದೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ಯಾಕ್ಲಾ ಇಂಗ್ ಮಾಡ್ದೆ?"

"ಸೊಪ್ಪು ತಿನ್ನಕ್ಕಾಗಲ್ಲ ಕಣಕ್ಕ."

ಹೊಡೆಯುತ್ತಾಳೆ ಎಂದು ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಅದು ಏಟಿಗಿಂತ ಕಷ್ಟವಾಗಿತ್ತು. ಅವಳು ಮೆದೆಗೆ ಒರಗಿ ಕೂತು ಒಂದೊಂದೇ ಹುಲ್ಲು ಎಳೆಯುತ್ತಾ ಹೇಳಿದಳು.

"ಓದ್ ವಾರ ಬಸ್ಸಿನ ಬೋರ್ಡು ಕಾಣ್ದೆ ಪಾಂಡವಪುರದ ಬಸ್ ಅತ್ಬುಟ್ಟಿದ್ದೆ. ಅರ್ಧ ದಾರೀಲಿ ಇಳ್ದು ನಡ್ಕೊಂಡು ಬಂದೆ, ಯಾರ್ಗೂ ಯೋಳಿಲ್ಲ. ಬೋರ್ಡಲ್ಲಿ ಬರೆಯೋದನ್ನೆಲ್ಲ ಪಕ್ಕದೋಳು ಓದಿ ಓದಿ ಯೋಳ್ಬೇಕು, ಅವ್ಳಿಗೂ ಸಾಕಾಗೋಗದೆ. ಊರೋರು ದಾರೀಲಿ ನಕ್ರೆ ನಂಗೆ ಕಾಣಕ್ಕಿಲ್ಲ, ಸೌಮಿಗೆ ಡಿಗ್ರಿ ಕೊಬ್ಬು ಅಂತಾವ್ರೆ. ನಂಗೆ ಕೊಬ್ಬು ಅಲ್ಲ ಕಣ್ಲಾ. ಕಣ್ಣು ಇಲ್ಲ."

ಆ ಹೊತ್ತಿಗೆ ನನ್ನ ಗಂಟಲಲ್ಲಿ ಯಾರ ದನಿಯೂ ಇರಲಿಲ್ಲ.

ಕೊನೇ ಭಾನುವಾರ ಎಲ್ಲರೂ ಸೇರಿದರು. ಅಪ್ಪ ಡೈರಿಯಿಂದ ಬೇಗ ಬಂದು ಕಂಬದ ಬಳಿ ಕುಕ್ಕರಗಾಲಲ್ಲಿ ಕೂತ. ನಾನು ಕೋಲು ಹಿಡಿಯುವ ಮುಂಚೆಯೇ ಹೇಳಿದೆ: "ದೊಡ್ಡವ್ವ, ಇಷ್ಟ್ ದಿನ ನಾನು ಸುಳ್ಳು ಯೋಳಿದ್ದೆ. ಅಕ್ಕಂಗೆ ಮೂರನೇ ಸಾಲು ಕಾಣಕ್ಕಿಲ್ಲ."

ದೊಡ್ಡವ್ವ ನಕ್ಕಳು. "ನೋಡ್ದಾ ಶಿವಣ್ಣ, ಈಗ ಸುಳ್ಳು ಯೋಳ್ತಾವ್ನೆ. ಏನೋ ತಿನ್ನಕ್ಕೆ ಕೊಡುಸ್ತೀನಿ ಅಂದವ್ಳೆ ಇವ್ನಿಗೆ."

ನಿಜ ಹೇಳಿದ್ದು ನನ್ನದೇ ದನಿಯಲ್ಲಿ. ಅದು ಯಾರಿಗೂ ಪರಿಚಯವಿರಲಿಲ್ಲ, ಅದಕ್ಕೇ ನಂಬಲಿಲ್ಲವೇನೋ.

"ಕೋಲು ನೀನು ಇಡ್ಕೊ ಅಪ್ಪ," ಎಂದಳು ಅಕ್ಕ. ಅಪ್ಪ ಎದ್ದು ಹೋಗಿ ಕೋಲು ತೆಗೆದುಕೊಂಡ. ದೊಡ್ಡವ್ವ ಅಂಗೈ ಚಾಚಿದರೆ ಅಕ್ಕ ಅದನ್ನು ಮೆತ್ತಗೆ ಸರಿಸಿ ತನ್ನ ಕಣ್ಣನ್ನು ತಾನೇ ಮುಚ್ಚಿಕೊಂಡಳು. ಎರಡು ಸಾಲು ಹೇಳಿದಳು. ಮೂರನೆಯದಕ್ಕೆ, "ಕಾಣ್ತಿಲ್ಲ."

"ಏನಾರ ಒಂದು ಅನ್ನು."

"ಅನ್ನಕ್ಕಿಲ್ಲ ದೊಡ್ಡವ್ವ. ಕಾಣ್ದೆ ಇರೋದ್ನ ಕಾಣ್ತದೆ ಅಂತ ನಾನು ಅನ್ನಕ್ಕಿಲ್ಲ."

"ಬೇಕು ಬೇಕು ಅಂತ್ಲೇ ಅಂಗಂತಾವ್ಳೆ! ನಾಟ್ಕ ಇದು!"

ಇದಕ್ಕೆ ಏನು ಮಾಡುವುದು? ಕಾಣುತ್ತದೆ ಎಂಬುದಕ್ಕೆ ಪರೀಕ್ಷೆಯಿದೆ. ಕಾಣುವುದಿಲ್ಲ ಎಂದರೆ ನಂಬುವುದಷ್ಟೇ ದಾರಿ, ಆ ನಂಬಿಕೆಯೇ ನಮ್ಮ ಪಡಸಾಲೆಯಲ್ಲಿ ಇರಲಿಲ್ಲ. ಅಕ್ಕ ಗಲ್ಲ ಎತ್ತಿಕೊಂಡು ನಿಂತೇ ಇದ್ದಳು. ಬೇಡಲಿಲ್ಲ, ಅಳಲಿಲ್ಲ.

ಅಪ್ಪ ಕೋಲು ಗೋಡೆಗೆ ಒರಗಿಸಿದ. ಮಾತಿಲ್ಲದೆ ಅಕ್ಕನ ಕಡೆಗೆ ಕೈಯೆತ್ತಿ, ಬಾ ಎಂಬಂತೆ ಬೆರಳು ಮಡಿಸಿ ಕರೆದ. ಅಕ್ಕ ಅಲ್ಲಾಡಲಿಲ್ಲ. ಮುಖ ಅರಳಿಸಿ ನಕ್ಕು, ಇನ್ನೊಮ್ಮೆ ಕರೆದ. ಅಕ್ಕ ಅಪ್ಪನ ಕಡೆಗೇ ನೋಡುತ್ತಿದ್ದಳು, ಮುಂದಿನ ಬಾಚಣಿಗೆಗೆ ಕಾಯುತ್ತಾ. ಅಪ್ಪನ ನಗು ನಿಧಾನವಾಗಿ ಇಳಿದುಹೋಯಿತು.

"ಸಂತೆ ದಿನ ಬಸ್‌ಸ್ಟಾಂಡಲ್ಲಿ ಇಂಗೇ ಕೈ ಮಾಡ್ದೆ ಕಣವ್ವ," ಎಂದ, ಅಲ್ಲಿಂದಲೇ. "ನೀನು ನೋಡ್ಕೊಂಡು ನೋಡ್ಕೊಂಡೇ ಅಂಗೇ ಒಂಟೋದೆ. ಮಣ್ಣಾಗಿರೋ ಬಟ್ಟೇಲಿ ಬಂದಿದ್ನಲ್ಲ, ಗೆಳತೀರ್ ಮುಂದೆ ನಾಚ್ಕೆ ಆಯ್ತೇನೋ ಅಂದ್ಕಂಡೆ."

ಅಕ್ಕನ ಮುಖ ಆಗ ಬಾಡಿತು. "ನೀನು ಬಂದಿದ್ದಾ ಅಪ್ಪ?"

ದೊಡ್ಡವ್ವ ಏನೋ ಹೇಳಲು ಹೋದಳು. ನನಗೆ ತಿಳಿದಂತೆ ಅಪ್ಪ ಅವಳ ಮಾತನ್ನು ತಡೆದದ್ದು ಅದೊಂದೇ ಸಲ. "ಬುಡು ಅತ್ಗಮ್ಮ. ನಾಳೆ ಕೆ.ಆರ್.ಪೇಟೆಗೆ ಓಯ್ತೀವಿ."

ಕನ್ನಡಕ ಹಾಕಿಸಿಕೊಂಡು ಅಂಗಡಿಯ ಮೆಟ್ಟಿಲಿಳಿದ ಅಕ್ಕ ರಸ್ತೆಯಲ್ಲೇ ನಿಂತುಬಿಟ್ಟಳು. ಎದುರಿನ ಬೋರ್ಡುಗಳನ್ನೆಲ್ಲ ಒಂದನೇ ಕ್ಲಾಸಿನ ಮಗುವಿನಂತೆ ಜೋರಾಗಿ ಓದಿದಳು. ಬೇಕರಿ, ಗೊಬ್ಬರದ ಅಂಗಡಿ, ಹಲ್ಲಿನ ಡಾಕ್ಟರು. "ಮರದಲ್ಲಿ ಎಲೆ ಬೇರೆ ಬೇರೆ ಕಾಣ್ತವೆ ಕಣಪ್ಪ!" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿ, "ಲೇ, ನೀನು ಇಷ್ಟು ಕರ್ರಗಿದೀಯಾ?" ಎಂದಳು. ತಿಂಗಳ ಸೊಪ್ಪಿಗೆಲ್ಲ ಬಡ್ಡಿ ಸೇರಿಸಿ ತೀರಿಸಿದಳು.

ಹಳೆಯದೆಲ್ಲ ಚೆನ್ನ ಎಂದು ಮೂಗು ಒರೆಸಿಕೊಳ್ಳುವವರ ಸಾಲಿಗೆ ನಾನು ಸೇರುವವನಲ್ಲ. ಹುಡುಗಿಯ ಕಣ್ಣನ್ನು ಮದುವೆಯ ದಿನದವರೆಗೆ ಬಚ್ಚಿಡುವ ಪದ್ಧತಿ ಹಾಳಾಗಿ ಹೋಗಲಿ, ನನಗೊಂದು ಹನಿ ದುಃಖವಿಲ್ಲ. ಕೊಟ್ಟಿಗೆ ಕೆಡವಿ ಅಲ್ಲಿ ಈಗ ಕಾರು ನಿಲ್ಲಿಸುತ್ತೇವೆ, ಅದಕ್ಕೂ ಇಲ್ಲ. ಈಗ ಮನೆಯಲ್ಲಿ ತಲೆಗೊಂದು ಮೊಬೈಲು. ಅಕ್ಷರ ಸಣ್ಣದಾದರೆ ಎರಡು ಬೆರಳಲ್ಲಿ ಹಿಗ್ಗಿಸಿಕೊಳ್ಳುತ್ತೇವೆ, ಯಾರಿಗೆ ಎಷ್ಟು ಕಾಣುತ್ತದೆಂದು ಯಾರೂ ಕೇಳುವುದಿಲ್ಲ. ಒಬ್ಬಳ ಕಣ್ಣಿಗೋಸ್ಕರ ಇಡೀ ಮನೆ ಪಡಸಾಲೆಯಲ್ಲಿ ನಿಂತು ಜಗಳವಾಡಿದ್ದು ಅದೇ ಕೊನೆ. ಇನ್ನೊಂದು ನಷ್ಟ ನನ್ನೊಬ್ಬನದೇ. ದೊಡ್ಡವ್ವ ಹೋಗಿ ವರ್ಷಗಳಾದವು. ಅವಳ ದನಿ ನನ್ನ ಹತ್ತಿರ ಇದೆಯಲ್ಲ ಎಂದು ಜಂಬದಲ್ಲಿದ್ದೆ. ಗಂಟಲು ಒಡೆದು ಗಡಸಾದ ಮೇಲೆ ಎಷ್ಟು ತಿಣುಕಿದರೂ ಅದು ಬರುತ್ತಿಲ್ಲ. ಬರುವುದು ದೊಡ್ಡವ್ವನ ಅಣ್ಣನಂಥ ಯಾರದೋ ದನಿ.

ಅಕ್ಕನ ಒಂದು ಮಾತು ಮಾತ್ರ ಈಗಲೂ ಅಚ್ಚುಕಟ್ಟಾಗಿ ಬರುತ್ತದೆ. ನೆಂಟರು ಸೇರಿದಲ್ಲೆಲ್ಲ ಅದನ್ನು ಕೇಳಿ ಮಾಡಿಸುತ್ತಾರೆ.

ನಾಗಮಂಗಲದವರು ಬಂದ ದಿನದ್ದು ಅದು. ಪಡಸಾಲೆಯ ತುಂಬ ಹೊಸ ಜಮಖಾನೆ, ಕೇಸರಿಬಾತಿನ ತುಪ್ಪದ ಘಮ. ಬೆಳಗಿನಿಂದ ದೊಡ್ಡವ್ವ "ಒಂದ್ ಗಳಿಗೆ ಬಿಚ್ಚಿಡಮ್ಮಿ, ನಿನ್ ದಮ್ಮಯ್ಯ" ಎಂದು ಅಕ್ಕನ ಹಿಂದೆ ಸುತ್ತಿ ಸುತ್ತಿ ಸಾಕಾಗಿ, ಅಡುಗೆಮನೆ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಅಕ್ಕ ಕನ್ನಡಕ ಹಾಕಿಕೊಂಡೇ ಕಾಫಿ ತಟ್ಟೆ ಹಿಡಿದು ಬಂದಳು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಅವನ ಪಕ್ಕದಲ್ಲಿ, ಮೀಸೆಗೆ ಹೊಸದಾಗಿ ಬಣ್ಣ ಹಾಕಿಸಿಕೊಂಡು, ಅವನಿಗಿಂತ ಠೀವಿಯಾಗಿ ಅವನ ಸೋದರಮಾವ. ಲೋಟ ಎತ್ತಿಕೊಳ್ಳುತ್ತಾ ಮಾವ ದೊಡ್ಡ ಮನುಷ್ಯನ ಗತ್ತಿನಲ್ಲಿ ಹೇಳಿದ:

"ಎಲ್ಲಾ ಸರಿ ಕಣವ್ವ. ಆ ಕನ್ನಡಕ ಒಂದ್ ಗಳಿಗೆ ತೆಗ್ದಿಡು, ಮೊಕ ನೋಡ್ಬೇಕು."

ಅಕ್ಕ ತಟ್ಟೆ ಕೆಳಗಿಟ್ಟಳು, ಕೈಯನ್ನು ಕನ್ನಡಕದ ಕಡ್ಡಿಯವರೆಗೂ ಒಯ್ದಳು, ಅಲ್ಲೇ ನಿಲ್ಲಿಸಿ ಹೇಳಿದಳು:

"ತೆಗಿತೀನಿ ಮಾವ. ತೆಗುದ್ರೆ ನಿಮ್ಮಿಬ್ರಲ್ಲಿ ಗಂಡು ಯಾರು, ಗಂಡಿನ ಮಾವ ಯಾರು ಅಂತ ನಂಗೆ ಗೊತ್ತಾಗಕ್ಕಿಲ್ಲ. ಆಮ್ಯಾಕೆ ನಿಮ್ಮನ್ನೇ ಒಪ್ಕೊಂಬುಟ್ರೆ ಅತ್ತೆಗೆ ನೀವೇ ಸಮಾಧಾನ ಯೋಳ್ಬೇಕು."